ಮನೆಯ ಕಂಪ್ಯೂಟರನ್ನು ಬದಲಿಸುವ ವಿಚಾರ

ಸಂಸಾರಕ್ಕೆ ಬೇಕಾದ ಪದಾರ್ಥಗಳಲ್ಲಿ ಎರಡು ಬಗೆ ಉಂಟು. ಬೀಸುವ ಕಲ್ಲು, ತಾಮ್ರದ ಹಂಡೆ, ತೇಗದ ಬೀರು ಮೊದಲಾದುವು ಒಮ್ಮೆ ಮನೆಯನ್ನು ಹೊಕ್ಕರೆ ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದ ವರೆಗೆ ನಡೆದು ಬರುವುವು. ಇನ್ನು ಕೆಲವು, ಎಷ್ಟು ಜೋಪಾನ ಮಾಡಿದರೂ, ಎಂಟು ಹತ್ತು ವರ್ಷಗಳಲ್ಲಿ ತಮ್ಮ ಕಾಲವನ್ನು ಮುಗಿಸಿ ಬದಲನ್ನು ಬೇಡುವುವು. ಕಂಪ್ಯೂಟರು ಈ ಎರಡನೆಯ ಬಗೆಗೆ ಸೇರಿದುದು. ಅದರ ಬೆಲೆ ಅನೇಕ ಗೃಹಸ್ಥರಿಗೆ ಒಂದು ತಿಂಗಳ ಸಂಬಳಕ್ಕೆ ಸಮನಾಗಿಯೋ ಹೆಚ್ಚಾಗಿಯೋ ಇರುವುದರಿಂದಲೂ, ಆಯ್ಕೆಯಲ್ಲಿ ತಪ್ಪಿದರೆ ಆ ತಪ್ಪನ್ನು ಹಲವು ವರ್ಷ ಮೇಜಿನ ಮೇಲೆಯೇ ಇಟ್ಟುಕೊಂಡು ಅನುಭವಿಸಬೇಕಾಗುವುದರಿಂದಲೂ, ಈ ವಿಷಯದಲ್ಲಿ ನಮಗೆ ತಿಳಿದುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಈ ಪ್ರಶ್ನೆ ಒಮ್ಮೆಗೇ ಬಹು ಮನೆಗಳಲ್ಲಿ ಏಳುವುದಕ್ಕೆ ಕಾರಣವೂ ಉಂಟು. ೨೦೧೫ನೆಯ ಜುಲೈ ೨೯ರಂದು ಹೊರಬಂದ ‘ವಿಂಡೋಸ್ ೧೦’ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ತಿದ್ದುಪಡಿಗಳು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದುವು. ಅಂದು ಯಾವ ಯಂತ್ರವೂ ನಿಂತುಹೋಗಲಿಲ್ಲ. ಬಾಗಿಲಿಗೆ ಬೀಗ ಇದ್ದೇ ಇದ್ದಿತು. ಆದರೆ ಆ ಬೀಗವನ್ನು ತೆರೆಯುವ ಹೊಸ ಉಪಾಯವನ್ನು ಕಳ್ಳನು ಕಂಡುಕೊಂಡರೆ ಅದನ್ನು ಸರಿಪಡಿಸಿಕೊಡುವ ಕಮ್ಮಾರನು ಇಲ್ಲದಂತಾಯಿತು. ಬ್ಯಾಂಕಿನ ವ್ಯವಹಾರವನ್ನೂ ತೆರಿಗೆಯ ಲೆಕ್ಕವನ್ನೂ ಮನೆಯಿಂದಲೇ ನಡೆಸುವವರಿಗೆ ಇದು ಅಲ್ಪ ವಿಷಯವಲ್ಲ. ಮುಂದಿನದಾದ ‘ವಿಂಡೋಸ್ ೧೧’ ೨೦೨೧ನೆಯ ಅಕ್ಟೋಬರ್ ೫ರಿಂದಲೇ ದೊರೆಯುತ್ತಿದ್ದರೂ, ಅದು ಎಲ್ಲ ಹಳೆಯ ಯಂತ್ರಗಳನ್ನೂ ಒಪ್ಪುವುದಿಲ್ಲ. ಇಂಟೆಲ್ ಪ್ರೊಸೆಸರಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಆಗಿರಬೇಕು, ‘ಟಿಪಿಎಂ ೨.೦’ ಎಂಬ ರಕ್ಷಣೆಯ ಏರ್ಪಾಡೂ ಇರಬೇಕು. ಹೀಗಾಗಿ, ಇನ್ನೂ ಚೆನ್ನಾಗಿ ನಡೆಯುತ್ತಿರುವ ಯಂತ್ರಗಳು ಕೂಡ ‘ಬದಲಿಸಬೇಕಾದುವು’ ಎಂಬ ಪಂಕ್ತಿಗೆ ಬಂದು ನಿಂತಿವೆ.

ನಮ್ಮ ಮನೆಯ ಯಂತ್ರವೂ ಅಂಥದೇ. ೨೦೧೪ರಲ್ಲಿ ಕೊಂಡ ಮೇಜಿನ ಕಂಪ್ಯೂಟರು. ವಿಂಡೋಸ್ ೭ರಲ್ಲಿ ಆರಂಭವಾಗಿ ಮುಂದೆ ೧೦ಕ್ಕೆ ಏರಿದ್ದಿತು. ಗುಂಡಿಯನ್ನು ಒತ್ತಿ, ಕಾಫಿ ಕುಡಿದು, ಲೋಟವನ್ನು ತೊಳೆದಿಟ್ಟು ಬಂದರೆ ಆಗ ಕೆಲಸಕ್ಕೆ ಸಿದ್ಧವಾಗುತ್ತಿದ್ದಿತು. ಅದನ್ನು ಬಳಸುವವರು ಮೂವರು. ನಮ್ಮ ತಂದೆಯವರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ತಮ್ಮ ಹುಟ್ಟೂರಿನ ಕೆರೆ, ಗುಡಿ, ಒಕ್ಕಲು ಮನೆತನಗಳ ವೃತ್ತಾಂತವನ್ನು ಅದರಲ್ಲಿ ಬರೆಯುತ್ತಿದ್ದರು. ನಮ್ಮ ಗೃಹಿಣಿ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಅದರಲ್ಲಿಯೇ ಇಟ್ಟು, ತಿಂಗಳಿಗೊಮ್ಮೆ ಹಳೆಯ ಪ್ರಿಂಟರಿನಲ್ಲಿ ಅಚ್ಚು ತೆಗೆಯುವಳು. ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಸೇರಿದ ಮಗಳಿಗೆ ಪಾಠ, ಪ್ರೋಗ್ರಾಂ ಎಲ್ಲವೂ ಅದರಲ್ಲಿಯೇ. ಬದಲು ಕೊಳ್ಳುವ ಮಾತು ಬಂದೊಡನೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಯಿತು. ಮಗಳು ಲ್ಯಾಪ್‌ಟಾಪು ಬೇಕೆಂದಳು. ಗೃಹಿಣಿ ಪ್ರಿಂಟರನ್ನು ಬಿಡುವಂತಿಲ್ಲವೆಂದಳು. ತಂದೆಯವರು ಏನೂ ಬೇಡವೆಂದರು. ನಾವು, ಎಲ್ಲಕ್ಕಿಂತ ಅಗ್ಗವಾದುದು ಯಾವುದೆಂದು ಕೇಳಿದೆವು. ಈ ನಾಲ್ಕರಲ್ಲಿ ನಮ್ಮ ಪ್ರಶ್ನೆಯೇ ಅತ್ಯಂತ ಅವಿವೇಕದ್ದೆಂದು ಮುಂದೆ ತಿಳಿಯಿತು.

ತಿಳಿದ ಬಗೆಯನ್ನು ಹೇಳಿಬಿಡುತ್ತೇವೆ. ೨೦೨೫ನೆಯ ದೀಪಾವಳಿಗೆ ಬಂದಿದ್ದ ನಮ್ಮ ತಂಗಿಯ ಮಗನು ತನ್ನ ಕ್ರೋಮ್‌ಬುಕ್ಕನ್ನು ತಂದಿದ್ದನು. ಹಗುರವಾದ ಯಂತ್ರ, ಮುಚ್ಚಳ ತೆರೆದ ಕ್ಷಣದಲ್ಲಿ ಸಿದ್ಧ, ಬೆಲೆಯೂ ಕಡಿಮೆ. ಇದನ್ನೇ ಕೊಂಡರಾಯಿತೆಂದು ನಿಶ್ಚಯಿಸಿ, ತಂದೆಯವರ ಒಪ್ಪಿಗೆಗಾಗಿ ಅವರ ಕಡತಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಅದರಲ್ಲಿ ತೆರೆದು ತೋರಿಸಿದೆವು. ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ರೋಮನ್ ಲಿಪಿಯ ತುಂಡುಗಳು, ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ಪರದೇಶದ ಅಕ್ಷರಗಳು, ನಡುನಡುವೆ ಪೌಂಡಿನ ಗುರುತುಗಳು—ಪುಟಪುಟಕ್ಕೂ ಇದೇ. ತಂದೆಯವರು ಕನ್ನಡಕವನ್ನು ತೆಗೆದು ಒರಸಿ ಮತ್ತೆ ಹಾಕಿಕೊಂಡು ನೋಡಿದರು. “ಇದು ನಾನು ಬರೆದದ್ದೇನಪ್ಪಾ?” ಎಂದು ಮಾತ್ರ ಕೇಳಿದರು. ಹನ್ನೊಂದು ವರ್ಷಗಳ ಬರಹ ಅದು. ಅವರಿಗೆ ಅದನ್ನು ಹೇಳಿದ ಊರಿನ ಹಿರಿಯರಲ್ಲಿ ಅನೇಕರು ಈಗ ಇಲ್ಲ. ಅಂದಿನ ಹೋಳಿಗೆ ನಮಗೆ ರುಚಿಸಲಿಲ್ಲ.

ಬರಹವು ಕೆಟ್ಟಿರಲಿಲ್ಲ, ಹಳೆಯ ಯಂತ್ರದಲ್ಲಿ ಚೆನ್ನಾಗಿಯೇ ಕಾಣುತ್ತಿದ್ದಿತು. ಇದರ ಕಾರಣವನ್ನು ಕನ್ನಡದಲ್ಲಿ ಬರೆಯುವ ಪ್ರತಿಯೊಂದು ಮನೆಯೂ ಅರಿತಿರಬೇಕು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯೂ ‘ಬರಹ’ ಎಂಬ ತಂತ್ರಾಂಶವೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಿಂದಿನ ಕಾಲದ ಅಕ್ಷರವಿನ್ಯಾಸಗಳಲ್ಲಿ, ರೋಮನ್ ಅಕ್ಷರಗಳಿಗೆಂದು ಮೀಸಲಾದ ಮನೆಗಳಲ್ಲಿಯೇ ಕನ್ನಡದ ರೂಪಗಳನ್ನು ಕೂರಿಸಬೇಕಾಗಿದ್ದಿತು. ಆ ವಿನ್ಯಾಸ ಇರುವ ಯಂತ್ರದಲ್ಲಿ ಕನ್ನಡ ಕಾಣುವುದು. ಇಲ್ಲದ ಯಂತ್ರದಲ್ಲಿ ಮನೆಯ ಮೊದಲಿನ ಒಡೆಯನಾದ ರೋಮನ್ ಅಕ್ಷರವೇ ಎದ್ದು ಬರುವುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಾದರೋ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಸ್ವಂತ ಸ್ಥಾನ ಉಂಟು. ಆ ಕ್ರಮದಲ್ಲಿ ಬರೆದುದು ಇಂದಿನ ಯಾವ ಬಗೆಯ ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಕನ್ನಡವಾಗಿಯೇ ಕಾಣುವುದು. ನಮ್ಮ ತಂದೆಯವರು ಬರೆದುದು ಹಳೆಯ ಕ್ರಮದಲ್ಲಿ. ಯಂತ್ರವನ್ನು ಬದಲಿಸುವುದೆಂದರೆ ಬರಹದ ಮನೆಯನ್ನೇ ಬದಲಿಸುವುದೆಂಬುದು ನಮಗೆ ಆಗ ಹೊಳೆಯಿತು.

ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಗೃಹಸ್ಥರು ಮಾಡತಕ್ಕ ಮೊದಲನೆಯ ಕೆಲಸ, ಒಂದು ಹಾಳೆಯ ಮೇಲೆ ಎರಡು ಪಟ್ಟಿಗಳನ್ನು ಬರೆಯುವುದು. ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಯಂತ್ರವನ್ನು ಬಳಸುತ್ತಾರೆಂಬುದು ಒಂದು. ಹಳೆಯ ಯಂತ್ರದ ಒಳಗೆ ಕಳೆದುಹೋಗಬಾರದ ಏನೇನು ಇದೆಯೆಂಬುದು ಇನ್ನೊಂದು. ಒಂದು ವಾರ ಗಮನಿಸಿ ಬರೆದರೆ ಸಾಕು. ಅಂಗಡಿಯವರು ಹೇಳುವ ನೂರು ಗುಣಗಳಲ್ಲಿ ತೊಂಬತ್ತು ತಮಗೆ ಬೇಡವಾದುವೆಂಬುದು ಆ ಹಾಳೆಯಿಂದಲೇ ತಿಳಿಯುವುದು.

ಎರಡನೆಯದು, ನಿಜವಾಗಿಯೂ ಹೊಸದು ಬೇಕೇ ಎಂಬ ವಿಚಾರ. ಹಳೆಯ ಯಂತ್ರ ನಿಧಾನವಾಗುವುದಕ್ಕೆ ಬಹುವೇಳೆ ಕಾರಣ ಅದರ ಹಾರ್ಡ್ ಡಿಸ್ಕು. ಅದರೊಳಗೆ ತಿರುಗುವ ತಟ್ಟೆಗಳೂ, ಮಾಹಿತಿಯನ್ನು ಹುಡುಕುತ್ತ ಅವುಗಳ ಮೇಲೆ ಓಡಾಡುವ ಒಂದು ತೋಳೂ ಇರುತ್ತವೆ. ಎಸ್‌ಎಸ್‌ಡಿ ಎಂಬ ಈಚಿನ ಸಾಧನದಲ್ಲಿ ಚಲಿಸುವ ಭಾಗಗಳೇ ಇಲ್ಲ. ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಇದನ್ನು ಹಾಕಿಸಿ, ರ್‍ಯಾಮ್ ನಾಲ್ಕು ಜಿಬಿ ಇದ್ದರೆ ಎಂಟಕ್ಕೆ ಏರಿಸಿದರೆ, ಮುದುಕನಂತಿದ್ದ ಯಂತ್ರವೂ ಚುರುಕಾಗುವುದುಂಟು. ಖರ್ಚು ಹೊಸ ಯಂತ್ರದ ಬೆಲೆಯಲ್ಲಿ ಒಂದು ಅಂಶ ಮಾತ್ರ. ಯಂತ್ರವು ವಿಂಡೋಸ್ ೧೧ನ್ನು ಒಪ್ಪುವ ಪೀಳಿಗೆಯದಾಗಿದ್ದರೆ ಇಷ್ಟರಲ್ಲಿಯೇ ವಿಷಯ ಮುಗಿಯಿತು. ಒಪ್ಪದಿದ್ದರೆ ಉಬುಂಟು, ಮಿಂಟ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದನ್ನು ಹಾಕಿಕೊಳ್ಳಬಹುದು. ಇವಕ್ಕೆ ಬೆಲೆಯಿಲ್ಲ, ಓದು, ಬರಹ, ಪತ್ರವ್ಯವಹಾರ, ಲೆಕ್ಕ ಇವಕ್ಕೆ ಧಾರಾಳವಾಗಿ ಸಾಕು. ನುಡಿಯಲ್ಲಿ ಬೆರಳು ಪಳಗಿಸಿದವರಿಗೆ ಪರಿಚಿತವಾದ ಕೀಲಿಮಣೆಯ ವಿನ್ಯಾಸವನ್ನೂ ಲಿನಕ್ಸಿನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ವಿಂಡೋಸಿಗೆಂದೇ ಮಾಡಿದ ಟ್ಯಾಲಿಯಂಥ ಲೆಕ್ಕದ ತಂತ್ರಾಂಶಗಳನ್ನು ಅವಲಂಬಿಸಿದವರಿಗೆ ಈ ದಾರಿ ಹಿಡಿಸದು.

ಕೊಳ್ಳಲೇಬೇಕೆಂದು ನಿರ್ಧಾರವಾದರೆ, ಮೊದಲ ಕವಲು ಮೇಜಿನ ಯಂತ್ರವೋ ಲ್ಯಾಪ್‌ಟಾಪೋ ಎಂಬುದು. ಊರಿಂದೂರಿಗೆ, ಮನೆಯಿಂದ ಕಾಲೇಜಿಗೆ ಒಯ್ಯಬೇಕಾದವರಿಗೆ ಲ್ಯಾಪ್‌ಟಾಪು ಬೇಕೇ ಬೇಕು. ಅದರಲ್ಲಿ ಬ್ಯಾಟರಿ ಇರುವುದರಿಂದ ಕರೆಂಟು ಹೋದಾಗ ಕೆಲಸ ನಷ್ಟವಾಗದು. ಮೇಜಿನ ಯಂತ್ರಕ್ಕಾದರೆ ಯುಪಿಎಸ್ ಬೇರೆ ಬೇಕು. ವಿದ್ಯುತ್ತಿನ ಲೆಕ್ಕವನ್ನೂ ನೋಡಬಹುದು: ನಲವತ್ತು ವ್ಯಾಟ್ ಎಳೆಯುವ ಲ್ಯಾಪ್‌ಟಾಪು ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ ೬ ಯೂನಿಟ್ಟು; ಪರದೆಯೂ ಸೇರಿ ನೂರಿಪ್ಪತ್ತು ವ್ಯಾಟ್ ಎಳೆಯುವ ಮೇಜಿನ ಯಂತ್ರವಾದರೆ ೧೮ ಯೂನಿಟ್ಟು. ಇಷ್ಟಾದರೂ ಮೇಜಿನ ಯಂತ್ರದ ಪಕ್ಷದಲ್ಲಿ ಹೇಳತಕ್ಕದ್ದು ಬಹಳ ಉಂಟು. ಪರದೆ ದೊಡ್ಡದು, ಕಣ್ಣಿನ ಮಟ್ಟದಲ್ಲಿರುವುದು. ವಯಸ್ಸಾದವರ ಕತ್ತು ಬಾಗದು. ಒಂದು ಭಾಗ ಕೆಟ್ಟರೆ ಅದನ್ನು ಮಾತ್ರ ಬದಲಿಸಿದರಾಯಿತು. ಈ ಎರಡಕ್ಕೂ ನಡುವೆ, ದೊಡ್ಡ ಊಟದ ಡಬ್ಬಿಯಷ್ಟು ಗಾತ್ರದ ‘ಮಿನಿ ಪಿಸಿ’ ಎಂಬುದೊಂದು ಉಂಟು. ಹಳೆಯ ಪರದೆ, ಕೀಲಿಮಣೆ, ಮೌಸು ಇದ್ದವರಿಗೆ ಅದೊಂದನ್ನು ಕೊಂಡರೆ ಸಾಕು. ಅದು ಎಳೆಯುವ ವಿದ್ಯುತ್ತೂ ಕಡಿಮೆ.

ಇನ್ನು ಜಾತಿಗಳ ವಿಚಾರ. ವಿಂಡೋಸ್ ಯಂತ್ರಗಳು ಎಲ್ಲ ಬೆಲೆಗಳಲ್ಲಿಯೂ ದೊರೆಯುವುವು. ನಮ್ಮ ಕಡೆಯ ಅಂಗಡಿ, ಕಚೇರಿ, ಅಚ್ಚುಕೂಟಗಳ ಬಳಕೆ ಹೆಚ್ಚಾಗಿ ಇದರಲ್ಲಿಯೇ. ಹಳೆಯ ನುಡಿಯ ಕಡತಗಳುಳ್ಳವರಿಗೆ ಇದು ಸುಲಭವಾದ ದಾರಿ. ಆದರೆ ಈಚೆಗೆ ‘ಆರ್ಮ್’ ಎಂಬ ಬೇರೊಂದು ವಂಶದ ಪ್ರೊಸೆಸರುಗಳನ್ನುಳ್ಳ ವಿಂಡೋಸ್ ಲ್ಯಾಪ್‌ಟಾಪುಗಳೂ ಬಂದಿವೆ. ಅವುಗಳ ಬ್ಯಾಟರಿ ಬಹಳ ಹೊತ್ತು ಬರುವುದು ನಿಜ. ಹಳೆಯ ಪ್ರಿಂಟರು ಸ್ಕ್ಯಾನರುಗಳಿಗೆ ತಕ್ಕ ತಂತ್ರಾಂಶ ಅವುಗಳಿಗೆ ದೊರೆಯದೆ ಹೋಗಬಹುದೆಂಬುದೂ ನಿಜ. ಕೇಳಿ ತಿಳಿದೇ ಕೊಳ್ಳತಕ್ಕದ್ದು.

ಆಪಲ್‌ನವರ ಮ್ಯಾಕ್ ಯಂತ್ರಗಳು ೨೦೨೦ನೆಯ ನವೆಂಬರಿನಿಂದ ಅವರ ಸ್ವಂತ ಪ್ರೊಸೆಸರುಗಳೊಡನೆ ಬರತೊಡಗಿದುವು. ವೇಗಕ್ಕೂ ಬ್ಯಾಟರಿಯ ಬಾಳಿಕೆಗೂ ಹೆಸರಾದುವು. ಬೆಲೆ ಹೆಚ್ಚು. ಕೊಂಡ ಮೇಲೆ ರ್‍ಯಾಮನ್ನು ಹೆಚ್ಚಿಸಲು ಬರುವುದಿಲ್ಲವಾದುದರಿಂದ ಮೊದಲೇ ಸಾಕಷ್ಟು ನೋಡಿ ಕೊಳ್ಳಬೇಕು. ಇಂಟೆಲ್ ಪ್ರೊಸೆಸರಿನ ಹಳೆಯ ಮ್ಯಾಕನ್ನು ಯಾರಾದರೂ ಅಗ್ಗಕ್ಕೆ ಕೊಡುವೆನೆಂದರೆ ಮರುಳಾಗಬಾರದು. ೨೦೨೫ರ ‘ತಾಹೋ’ ಆವೃತ್ತಿಯೇ ಅವುಗಳಿಗೆ ಕಡೆಯದೆಂದು ತಯಾರಕರೇ ಸಾರಿದ್ದಾರೆ.

೨೦೧೧ರಲ್ಲಿ ಮಾರಾಟಕ್ಕೆ ಬಂದ ಕ್ರೋಮ್‌ಬುಕ್ಕು, ಹೆಚ್ಚಿನ ಕೆಲಸವೆಲ್ಲವೂ ಇಂಟರ್‌ನೆಟ್ಟಿನ ಮೂಲಕವೇ ನಡೆಯುವವರಿಗೆ, ಶಾಲೆಯ ಮಕ್ಕಳಿಗೆ, ಯಂತ್ರದ ಗೊಡವೆ ಬೇಡವೆನ್ನುವವರಿಗೆ ಒಳ್ಳೆಯದು. ೨೦೨೧ರಿಂದ ಈಚಿನ ಮಾದರಿಗಳಿಗೆ ಹತ್ತು ವರ್ಷ ತಿದ್ದುಪಡಿ ಕೊಡುವುದಾಗಿ ೨೦೨೩ರಲ್ಲಿ ಪ್ರಕಟವಾಯಿತು. ಆದರೆ ಈ ಹತ್ತು ವರ್ಷಗಳನ್ನು ಎಣಿಸುವುದು ಆ ಮಾದರಿಯ ಮೂಲಯಂತ್ರವು ಹೊರಬಂದ ದಿನದಿಂದಲೇ ಹೊರತು ನಾವು ಕೊಂಡ ದಿನದಿಂದಲ್ಲ. ಅಂಗಡಿಯಲ್ಲಿ ನಾಲ್ಕು ವರ್ಷ ಕುಳಿತಿದ್ದ ಮಾದರಿಯನ್ನು ಕೊಂಡರೆ ದೊರೆಯುವುದು ಆರೇ ವರ್ಷ. ನಮ್ಮ ಮನೆಗೆ ಅದು ಒಗ್ಗಲಿಲ್ಲವೆಂಬುದರಿಂದ ಅದನ್ನು ಹಳಿಯುವುದು ನ್ಯಾಯವಲ್ಲ. ನಮ್ಮ ಪಟ್ಟಿ ಬೇರೆ, ಇತರರ ಪಟ್ಟಿ ಬೇರೆ.

ಜಾತಿ ಯಾವುದೇ ಆಗಲಿ, ಕೆಲವು ಸಾಮಾನ್ಯ ನಿಯಮಗಳು ಉಂಟು. ವಿಂಡೋಸ್ ೧೧ಕ್ಕೆ ನಾಲ್ಕು ಜಿಬಿ ರ್‍ಯಾಮ್ ಸಾಕೆಂದು ಕಾಗದದ ಮೇಲಿದೆ. ನಾಲ್ಕರಲ್ಲಿ ಅದು ಏದುಸಿರು ಬಿಡುವುದು. ಎಂಟು ಅವಶ್ಯ, ಹದಿನಾರು ಇದ್ದರೆ ಹಲವು ವರ್ಷ ನಿಶ್ಚಿಂತೆ. ಹಾರ್ಡ್ ಡಿಸ್ಕು ಮಾತ್ರ ಇರುವ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು, ಎಸ್‌ಎಸ್‌ಡಿ ಇರಲೇಬೇಕು. ಬಹಳ ಅಗ್ಗವಾಗಿ ಕಾಣುವ ಕೆಲವು ಲ್ಯಾಪ್‌ಟಾಪುಗಳ ವಿವರದಲ್ಲಿ ‘ಡಾಸ್’ ಎಂಬ ಪದವಿರುವುದು. ಅದರಲ್ಲಿ ವಿಂಡೋಸ್ ಇಲ್ಲ, ಬೇರೆ ಹಣ ತೆತ್ತು ಹಾಕಿಸಬೇಕೆಂದು ಅದರ ಅರ್ಥ. ಬರೆಯುವ, ಲೆಕ್ಕವಿಡುವ ತಂತ್ರಾಂಶಕ್ಕೆ ಬೇರೆ ಬೆಲೆಯಿದೆಯೇ, ವರ್ಷವರ್ಷವೂ ಕೊಡಬೇಕೇ ಎಂಬುದನ್ನು ಮೊದಲೇ ಕೇಳಬೇಕು. ಬೆಲೆಯಿಲ್ಲದ ಲಿಬ್ರೆಆಫೀಸ್ ಅನೇಕ ಮನೆಗಳಿಗೆ ಸಾಕು. ಕೀಲಿಮಣೆಯ ಮೇಲೆ ಕೈಯಿಟ್ಟು ನಾಲ್ಕು ಸಾಲು ಬರೆದು ನೋಡದೆ ಲ್ಯಾಪ್‌ಟಾಪನ್ನು ಕೊಳ್ಳಬಾರದು. ಸೀರೆಯನ್ನು ಸೆರಗು ಬಿಚ್ಚಿ ನೋಡದೆ ಯಾರಾದರೂ ಕೊಳ್ಳುವರೇ?

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಗಳಲ್ಲಿ, ಕಚೇರಿಗಳಿಂದ ಹೊರಬಂದ ಯಂತ್ರಗಳನ್ನು ಸರಿಪಡಿಸಿ ಮಾರುವವರೂ ಉಂಟು. ಪೀಳಿಗೆ ಎಂಟಕ್ಕಿಂತ ಕೆಳಗಿಲ್ಲವೆಂದು ಖಚಿತಪಡಿಸಿಕೊಂಡು, ರಸೀದಿಯನ್ನೂ ವಾರಂಟಿಯನ್ನೂ ಬರಹದಲ್ಲಿ ಪಡೆದು ಕೊಳ್ಳುವುದಾದರೆ, ಮಿತವ್ಯಯದ ಸಂಸಾರಗಳಿಗೆ ಇದೂ ಗೌರವದ ದಾರಿಯೇ. ಪೀಳಿಗೆಯನ್ನು ಕೇಳದೆ ಕೊಳ್ಳುವವರ ಗತಿ ಹೇಗೆಂಬುದನ್ನು ನಾವು ಬಲ್ಲೆವು. ಒಂದು ಅಂಗಡಿಯಲ್ಲಿ ‘ಹೊಸತಿನಂತೆಯೇ ಇದೆ’ ಎಂದು ನಮ್ಮ ಮುಂದಿಟ್ಟ ಯಂತ್ರವನ್ನು ನಾವು ಹೊರಗಿನ ಹೊಳಪಿಗೆ ಮೆಚ್ಚಿ, ಮುಂಗಡ ಹಣವನ್ನು ಕೈಯಲ್ಲಿ ಹಿಡಿದಿದ್ದೆವು. ಜೊತೆಗೆ ಬಂದಿದ್ದ ಮಗಳು ಅದರ ಪ್ರೊಸೆಸರಿನ ಸಂಖ್ಯೆಯನ್ನು ಓದಿ, “ಅಪ್ಪಾ, ಇದು ಆರನೆಯ ಪೀಳಿಗೆ, ನಮ್ಮ ಹಳೆಯದಕ್ಕೆ ಇರುವ ತೊಂದರೆಯೇ ಇದಕ್ಕೂ ಇದೆ” ಎಂದಳು. ಅಂಗಡಿಯವರು ನಕ್ಕು ಬೇರೊಂದನ್ನು ತೋರಿಸಿದರು. ನಾವು ಮಾತಿಲ್ಲದೆ ಹಣವನ್ನು ಜೇಬಿಗೆ ಹಾಕಿಕೊಂಡೆವು.

ಕಡೆಗೆ ನಾವು ಮಾಡಿದುದಿಷ್ಟು. ಮನೆಯ ಮೇಜಿಗೆ ಹದಿನಾರು ಜಿಬಿ ರ್‍ಯಾಮಿನ, ಇಂಟೆಲ್ ಪ್ರೊಸೆಸರಿನ, ವಿಂಡೋಸ್ ೧೧ರ ಒಂದು ಮಿನಿ ಪಿಸಿಯನ್ನು ತಂದೆವು. ಹಳೆಯ ಪರದೆ ಕೀಲಿಮಣೆಗಳು ಹಾಗೆಯೇ ಉಳಿದುವು. ಪರದೆಯ ವಿಜಿಎ ತಂತಿಯನ್ನು ಹೊಸ ಯಂತ್ರಕ್ಕೆ ಸೇರಿಸಲು ಒಂದು ಚಿಕ್ಕ ಅಡಾಪ್ಟರು ಮಾತ್ರ ಬೇಕಾಯಿತು. ಹಳೆಯ ಪ್ರಿಂಟರು ಎರಡು ದಿನ ಹಟ ಮಾಡಿ ಮೂರನೆಯ ದಿನ ಒಪ್ಪಿತು. ಉಳಿದ ಹಣಕ್ಕೆ ಸ್ವಲ್ಪ ಸೇರಿಸಿ, ಕಚೇರಿಯಿಂದ ಬಂದ ಹತ್ತನೆಯ ಪೀಳಿಗೆಯ ಲ್ಯಾಪ್‌ಟಾಪೊಂದನ್ನು ಮಗಳಿಗೆ ಕೊಂಡೆವು. ಒಂದೇ ದುಬಾರಿಯ ಯಂತ್ರಕ್ಕಾಗಿ ಮೂವರು ಜಗಳವಾಡುವುದಕ್ಕಿಂತ ಎರಡು ಸಾಮಾನ್ಯ ಯಂತ್ರಗಳು ಸಂಸಾರಕ್ಕೆ ಹಿತವೆಂದು ಗೃಹಿಣಿಯ ಅಭಿಪ್ರಾಯ. ಅನುಭವವೂ ಅದನ್ನೇ ಹೇಳುತ್ತಿದೆ.

ಇವೆಲ್ಲಕ್ಕಿಂತ ಮೊದಲು, ಹಳೆಯ ಯಂತ್ರದಲ್ಲಿದ್ದ ಬರಹ, ಲೆಕ್ಕ, ಚಿತ್ರಗಳೆಲ್ಲವನ್ನೂ ಎರಡು ಬೇರೆ ಬೇರೆ ಹೊರಡಿಸ್ಕುಗಳಿಗೆ ಪ್ರತಿ ಮಾಡಿಕೊಂಡಿದ್ದೆವು. ಒಂದು ನಮ್ಮಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಹೊಸ ಯಂತ್ರ ಬಂದ ಮೇಲೆ ತಂದೆಯವರ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸಕ್ಕೆ ಕೈಯಿಟ್ಟೆವು. ಅದಕ್ಕೆ ತಕ್ಕ ಸಾಧನಗಳು ಸುಲಭವಾಗಿ ದೊರೆಯುವುವು. ಪರಿವರ್ತನೆಗೆ ಹಿಡಿಯುವುದು ನಿಮಿಷಗಳು ಮಾತ್ರ. ಆದರೆ ಒತ್ತಕ್ಷರಗಳಲ್ಲಿ, ಅರ್ಕಾವೊತ್ತಿನಲ್ಲಿ, ಅಂಕಿಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳುವುದರಿಂದ ಮೂಲದೊಡನೆ ಹೋಲಿಸಿ ಓದಲೇಬೇಕು. ಮೂಲವನ್ನು ಅಳಿಸಬಾರದು. ರಾತ್ರಿ ಊಟವಾದ ಮೇಲೆ ತಂದೆಯವರು ಹಳೆಯ ಯಂತ್ರದಿಂದ ಓದುವರು, ಮಗಳು ಹೊಸ ಯಂತ್ರದಲ್ಲಿ ತಿದ್ದುವಳು. ಮುನ್ನೂರು ಪುಟಗಳಲ್ಲಿ ಅರ್ಧ ಮುಗಿದಿದೆ. ಇದುವರೆಗೆ ಅಜ್ಜನ ಊರಿನ ಕೆರೆಯ ಹೆಸರನ್ನೇ ಅರಿಯದಿದ್ದ ಹುಡುಗಿ ಈಗ ಅದರ ತೂಬು ಕಟ್ಟಿಸಿದವರ ವಂಶವನ್ನು ಹೇಳಬಲ್ಲಳು. ಇದು ನಾವು ಹಣ ಕೊಟ್ಟು ಕೊಂಡುದಲ್ಲ. ಯಂತ್ರ ಬದಲಿಸುವ ನೆಪದಲ್ಲಿ ತಾನಾಗಿ ಬಂದ ಲಾಭ.

ಹಳೆಯ ಯಂತ್ರವನ್ನು ಓದಿ ಹೋಲಿಸುವ ಕೆಲಸ ಮುಗಿಯುವ ವರೆಗೆ ಇಂಟರ್‌ನೆಟ್ಟಿನ ಸಂಪರ್ಕವಿಲ್ಲದೆ ಇಟ್ಟುಕೊಂಡಿದ್ದೇವೆ. ಆಮೇಲೆ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸಿನೊಡನೆ ಯಾವುದಾದರೂ ಶಾಲೆಯ ಮಕ್ಕಳಿಗೆ ಕೊಡುವ ಮನಸ್ಸಿದೆ. ಕೊಡುವವರು ಅದರ ಡಿಸ್ಕಿನಲ್ಲಿದ್ದುದನ್ನು ಪೂರ್ತಿಯಾಗಿ ಅಳಿಸಿಯೇ ಕೊಡಬೇಕು. ಕಸದ ಬುಟ್ಟಿಯ ಗುರುತಿಗೆ ಹಾಕಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಉಪಯೋಗಕ್ಕೇ ಬಾರದ ಯಂತ್ರವನ್ನಾದರೂ ಬೀದಿಯ ಕಸಕ್ಕೆ ಎಸೆಯುವುದು ತಪ್ಪು. ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಸಂಸ್ಕರಣೆಗಾರರ ಕೈಗೆ ಸೇರತಕ್ಕದ್ದು.

ವಾಚಕರಿಗೆ ನಮ್ಮ ಬಿನ್ನಹವಿಷ್ಟೆ. ಯಾವ ಯಂತ್ರ ಶ್ರೇಷ್ಠವೆಂದು ಕೇಳುವುದಕ್ಕೆ ಮೊದಲು, ನಮ್ಮ ಮನೆಯಲ್ಲಿ ಉಳಿಯಬೇಕಾದುದು ಏನೆಂದು ಕೇಳಿಕೊಳ್ಳಿರಿ. ಇಂದು ಕೊಂಡ ಯಂತ್ರವೂ ಹತ್ತು ವರ್ಷಗಳ ಮೇಲೆ ಬದಲನ್ನು ಬೇಡುವುದು ನಿಶ್ಚಯ. ಬರಹವನ್ನು ಯಾವ ಯಂತ್ರಕ್ಕೂ ಕಟ್ಟುಬೀಳದಂತೆ ಇಟ್ಟುಕೊಂಡವರು ಆಗ ಯಾವುದನ್ನು ಬೇಕಾದರೂ ನಿರ್ಭಯವಾಗಿ ಕೊಳ್ಳಬಹುದು. ಮೊನ್ನೆ ತಂಗಿಯ ಮಗನು ಮತ್ತೆ ಬಂದಿದ್ದಾಗ, ತಿದ್ದಿ ಮುಗಿದ ಮೊದಲ ಅಧ್ಯಾಯವನ್ನು ಅದೇ ಕ್ರೋಮ್‌ಬುಕ್ಕಿನಲ್ಲಿ ತೆರೆದೆವು. ತಂದೆಯವರು ಬಾಗಿ ನೋಡಿ, ಒಂದು ಪುಟವನ್ನು ಪೂರ್ತಿ ಓದಿ, ಎರಡನೆಯ ಸಾಲಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆಯೆಂದು ಮೊಮ್ಮಗಳನ್ನು ಕೂಗಿದರು.